ವಗ್ದಿ ಸಾಹೇಬರ ಕಸದ ಬುಟ್ಟಿ

ಕಾಗದವನ್ನು ಕಸದ ಬುಟ್ಟಿಗೆ ಹಾಕಿದರೆ ಅದರ ಋಣ ತೀರಿತು ಎಂದು ವಗ್ದಿ ಸಾಹೇಬರು ಇಪ್ಪತ್ತೆರಡು ವರ್ಷದಿಂದ ನಂಬಿದ್ದರು. ಕೈರೋದ ಸರ್ಕಾರಿ ಕಚೇರಿಯಲ್ಲಿ ಅವರ ಮೇಜಿನ ಕೆಳಗಿನ ಬುಟ್ಟಿ ದಿನಾ ಬೆಳಗ್ಗೆ ಖಾಲಿಯಾಗಿರುತ್ತಿತ್ತು. ಯಾರು ಖಾಲಿ ಮಾಡುತ್ತಾರೆ ಎಂದು ಅವರು ಒಂದು ದಿನವೂ ಕೇಳಿದವರಲ್ಲ. ಹಾಗಾಗಿ ಗುರುವಾರ ಸಂಜೆ ಮನೆಯ ಕಂಪ್ಯೂಟರಿನಲ್ಲಿದ್ದ ಒಂದು ಕಾಗದವನ್ನು ಪರದೆಯ ಮೂಲೆಯ ಪುಟ್ಟ ಬುಟ್ಟಿಗೆ ಎಳೆದು ಹಾಕಿದರು. ಅದರ ಜಾಡು ಬೇರೆಲ್ಲೂ ಉಳಿಯದಿರಲಿ ಎಂದು, ಹೆಸರು ಓದಲು ಬಾರದ ಇನ್ನೊಂದಷ್ಟು ಫೈಲುಗಳನ್ನೂ ಅದರ ಹಿಂದೆಯೇ ಕಳಿಸಿದರು.

ಆ ಕಾಗದ ಒಂದು ದೂರು. ಅದೇ ಕಟ್ಟಡದ ಹಾಜಿ ಮೆತ್ವಲ್ಲಿ ಎಂಬವನು ತಾರಸಿಯ ಮೇಲೆ ಸಾಕಿದ್ದ ಪಾರಿವಾಳಗಳಲ್ಲೊಂದು ಸಾಹೇಬರ ಹೊಸ ಬಿಳಿ ಕೋಟಿನ ಮೇಲೆ ತನ್ನ ಗುರುತು ಬಿಟ್ಟಿತ್ತು. ಸಾಹೇಬರಿಗೆ ಪಿತ್ತ ನೆತ್ತಿಗೇರಿ, ಕಂಪ್ಯೂಟರಿನಲ್ಲೇ ಒಂದೇ ಉಸಿರಿಗೆ ಎರಡು ಪುಟ ಬರೆದು, ಅಚ್ಚು ತೆಗೆದು, ಸಹಿ ಹಾಕದೆ ಅಂಚೆಗೆ ಹಾಕಿದ್ದರು. ಒಗೆದ ಮೇಲೆ ಕೋಟು ಬಿಳುಪಾಯಿತು, ಸಿಟ್ಟೂ ಇಳಿಯಿತು. ಆದರೆ ಅಂಚೆಗೆ ಬಿದ್ದದ್ದು ವಾಪಸು ಬರುತ್ತದೆಯೇ? ಗುರುವಾರ ಮಧ್ಯಾಹ್ನ ಅಧಿಕಾರಿಗಳು ಬಂದು, ಏಳು ದಿನದೊಳಗೆ ಗೂಡು ಕೀಳಬೇಕೆಂದು ನೋಟೀಸು ಅಂಟಿಸಿ ಹೋದರು. ಇಡೀ ಕಟ್ಟಡ ಮೆಟ್ಟಿಲ ಮೇಲೆ ನೆರೆದು, ಬರೆದವನ ಕೈ ಸೇದಿಹೋಗಲಿ ಎಂದು ಶಪಿಸಿತು. ಎಲ್ಲರಿಗಿಂತ ಜೋರಾಗಿ ಶಪಿಸಿದವರು ವಗ್ದಿ ಸಾಹೇಬರೇ. ಕೈಯಲ್ಲಿದ್ದ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು, "ಈ ಅನ್ನದಾಣೆ, ಅವನು ಸಿಕ್ಕಲಿ, ನಾನೇ ವಿಚಾರಿಸ್ಕೊಳ್ತೀನಿ!" ಎಂದಿದ್ದರು. ಅದೇ ಸಂಜೆ ಆ ಕಾಗದ ಬುಟ್ಟಿಗೆ ಬಿದ್ದದ್ದು.

ಶುಕ್ರವಾರ ಬೆಳಗ್ಗೆ ತಿಂಡಿಗೆ ಕೂತಿದ್ದಾಗ ಹೆಂಡತಿ ಇನ್ಸಾಫ್ ಒಳಗಿನಿಂದ ಕೂಗಿದಳು. "ರೀ, ಈ ಡಬ್ಬಕ್ಕೆ ಏನು ಬಡಿದಿದೆ?"

ಕಂಪ್ಯೂಟರು ಎದ್ದು ಕೂತಿತ್ತು, ಆದರೆ ಏನನ್ನು ಒತ್ತಿದರೂ ಒಂದೇ ರಾಗ: ಬೇಕಾದ ಫೈಲು ಕಾಣೆಯಾಗಿದೆ, ಮುಂದಿನ ಕೆಲಸ ಆಗದು.

"ನಾಲ್ಕು ಗಂಟೆಗೆ ಕುವೈತಿಂದ ನನ್ನ ತಮ್ಮ ಮಗು ತೋರಿಸ್ತೀನಿ ಅಂದಿದ್ದಾನೆ!"

"ಫೋನಲ್ಲಿ ಮಾತಾಡೇ."

"ಫೋನಲ್ಲಿ ಮಗು ಮುಖ ಕಾಣುತ್ತೇನ್ರೀ?"

"ಮುದಿ ಯಂತ್ರ, ಅದರ ಕಾಲ ಮುಗೀತು ಬಿಡು." ಸಾಹೇಬರು ವೈರು ಕೀಳಲು ಬಗ್ಗಿದರು. ಅವರು ಏಳುವಷ್ಟರಲ್ಲಿ ಇನ್ಸಾಫ್ ಬಾಲ್ಕನಿಯಲ್ಲಿ ನಿಂತು ಸುದ್ದಿಯನ್ನು ಬೀದಿಗೆ ಹಾಕಿಯಾಗಿತ್ತು.

ಮೊದಲು ಬಂದವರು ಕೆಳಮನೆಯ ಮದಾಮ್ ಕೌಸರ್, ಕೂದಲು ಒಣಗಿಸುವ ಯಂತ್ರದ ಸಮೇತ. "ತೇವ ಕೂತಿರುತ್ತೆ, ನಮ್ಮನೇದೂ ಹಿಂಗೇ ಆಗಿತ್ತು" ಎಂದು ಕಂಪ್ಯೂಟರಿನ ಬೆನ್ನಿಗೆ ಬಿಸಿಗಾಳಿ ಊದಿದರು. ಐದು ವರ್ಷದ ಧೂಳು ಎದ್ದು ಎಲ್ಲರೂ ಸೀನಿದರು. ಆಮೇಲೆ ಬಂದ ಔಷಧಿ ಅಂಗಡಿಯವನು ಪರದೆಯ ಮೇಲೆ ಕೈಯಿಟ್ಟು, "ವೈರಸ್ಸು. ಊಟ ಆದ್ಮೇಲೆ ದಿನಕ್ಕೆರಡು ಸಲ ಆಫ್ ಮಾಡಿ ಆನ್ ಮಾಡಿ" ಎಂದ.

"ಎರಡ್ಯಾಕೆ, ಮೂರು ಸಲ ಮಾಡೋಣ" ಎಂದರು ಸಾಹೇಬರು. ಕೆಲಸಕ್ಕೆ ಬಾರದ ಸಲಹೆಯೆಲ್ಲ ಅವರಿಗೆ ಅಮೃತವಾಗಿತ್ತು.

"ಸುಮ್ನೆ ಯಾಕೆ ಒದ್ದಾಟ? ಹಾಜಿ ಮೆತ್ವಲ್ಲೀನ ಕರೀರಿ" ಎಂದರು ಕೌಸರ್. ಕಟ್ಟಡಕ್ಕೆಲ್ಲ ಇಂಟರ್ನೆಟ್ ತಂತಿ ಇಳಿಯುತ್ತಿದ್ದದ್ದು ಆ ಪಾರಿವಾಳದ ಗೂಡಿನ ಪಕ್ಕದ ಪೆಟ್ಟಿಗೆಯಿಂದಲೇ. ಎಲ್ಲರ ಮನೆಯ ಕಂಪ್ಯೂಟರಿಗೂ ಹಾಜಿಯೇ ವೈದ್ಯ.

"ಬೇಡ ಬೇಡ! ಪಾಪ, ಅವರೇ ನೋವಲ್ಲಿದ್ದಾರೆ" ಎಂದರು ಸಾಹೇಬರು.

"ಎಂಥಾ ಮನಸ್ಸು ನೋಡ್ರಿ ಇವರದ್ದು!" ಕೌಸರ್ ಕಣ್ಣೊರೆಸಿಕೊಂಡರು. ಸಾಹೇಬರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಇನ್ಸಾಫ್ ಮೆಟ್ಟಿಲಲ್ಲಿ ನಿಂತು ಕೂಗಿಯಾಗಿತ್ತು, ಹಾಜಿ ತಾರಸಿಯಿಂದ ಇಳಿದು ಬಂದ. ಹೆಗಲ ಮೇಲೆ ಒಂದು ಬೂದು ಪುಕ್ಕ ಅಂಟಿತ್ತು. ಎರಡು ನಿಮಿಷ ನೋಡಿ, "ಯಂತ್ರಕ್ಕೇನೂ ಆಗಿಲ್ಲ. ಯಾರೋ ಅದರ ಕೈಕಾಲು ಕಿತ್ತು ಎಸೆದಿದ್ದಾರೆ. ಎಲ್ಲಿಗೆ ಎಸೆದ್ರಿ ಸಾಹೇಬ್ರೆ?" ಎಂದ.

"ಬುಟ್ಟಿಗೆ... ಆದ್ರೆ ಬೆಳಗಾಗೋ ಹೊತ್ತಿಗೆ ಅದು ಖಾಲಿಯಾಗಿರ್ಬೇಕಲ್ಲ?"

"ಯಾರು ಮಾಡ್ತಾರೆ? ಇದಕ್ಕೆ ಜವಾನ ಇಲ್ಲ. ಹಾಕಿದವರೇ ಖಾಲಿ ಮಾಡ್ಬೇಕು."

ಎಲ್ಲರೂ ಗೊಳ್ಳೆಂದು ನಕ್ಕರು. ಇನ್ಸಾಫ್ ಚಹಾ ಇಡಲು ಒಳಗೆ ಹೋದಳು, ಔಷಧಿ ಅಂಗಡಿಯವನು ಅಂಗಡಿಗೆ ಹೊರಟ, ಹಾಜಿ ಬುಟ್ಟಿ ತೆರೆದ. ವಿಷಯ ಸೂಚಿಸದೆ ಯಾವ ಕಾಗದವನ್ನೂ ಇಡಬಾರದೆಂಬುದು ಸಾಹೇಬರ ಕಚೇರಿಯ ಶಿಸ್ತು. ಅದರಂತೆ ಎಲ್ಲಕ್ಕಿಂತ ಮೇಲೆ, ಪೂರ್ತಿ ಹೆಸರಿನೊಂದಿಗೆ ಕೂತಿತ್ತು: 'ತಾರಸಿಯ ಮೇಲಿನ ಪಾರಿವಾಳಗಳ ಉಪಟಳ ಕುರಿತು ದೂರು.'

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಸಾಹೇಬರಿಗೆ. ಆದರೆ ಮೂರನೇ ಮಹಡಿಯಲ್ಲಿ ಭೂಮಿ ಎಲ್ಲಿಂದ ಬರಬೇಕು?

"ಅದೇನದು, ಅಷ್ಟುದ್ದ ಹೆಸರಿಂದು?" ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ ಕೌಸರ್ ಕಣ್ಣು ಕಿರಿದು ಮಾಡಿ ಬಗ್ಗಿದರು.

ಹಾಜಿಯ ಕೈ ನಿಂತಿತು. ಅವನು ಆ ಸಾಲನ್ನು ಓದಿದ, ಸಾಹೇಬರ ಮುಖವನ್ನೂ ಒಮ್ಮೆ ಓದಿದ. "ಅದಾ? ಇದೇ ಕಣಮ್ಮಾ ಮುಖ್ಯ ಫೈಲು. ಇಷ್ಟು ಹೊತ್ತು ಕಾಣೆಯಾಗಿದ್ದು ಇದೇ."

ಒಂದು ಗುಂಡಿ ಒತ್ತಿದ. ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು, ಯಂತ್ರ ಓಡಿತು. ಇನ್ಸಾಫ್ ಹಾಜಿಗೆ ನೂರು ವರ್ಷ ಆಯಸ್ಸು ಹಾರೈಸಿ ಪುದೀನ ಚಹಾ ತಂದಳು. ಸಾಹೇಬರು ಲೋಟದಿಂದ ಕಣ್ಣೆತ್ತಲಿಲ್ಲ. ಹಾಜಿ ತಮ್ಮ ಕಪಾಳಕ್ಕೆ ಎರಡು ಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹಾಜಿ ಲೋಟ ಕೆಳಗಿಟ್ಟ. "ಸಾಹೇಬ್ರೆ, ಒಂದು ಉಪಕಾರ. ನೋಟೀಸಿಗೆ ಏಳು ದಿನದೊಳಗೆ ಉತ್ತರ ಬರೀಬೇಕಂತೆ. ನನಗೆ ತಂತಿ ಗೊತ್ತು, ಸರ್ಕಾರಿ ಭಾಷೆ ಎಲ್ಲಿ ಬರ್ಬೇಕು? ಕಟ್ಟಡದವರ ಪರವಾಗಿ ನೀವೇ ಬರ್ದುಕೊಡಿ."

"ಬರೀದೆ ಏನು! ನಿನ್ನೆ ರೊಟ್ಟಿ ಮುಟ್ಟಿ ಆಣೆ ಮಾಡಿದ್ದಾರೆ" ಎಂದು ಕೌಸರ್ ಕುರ್ಚಿ ಎಳೆದುಕೊಟ್ಟರು.

ಸಾಹೇಬರು ಕೂತು ಬರೆದರು. ಪಾರಿವಾಳಗಳು ಶುಚಿಯಾದುವು, ಸಾಧುವಾದುವು, ಅವುಗಳಿಂದ ಯಾರ ಬಟ್ಟೆಗೂ ಇದುವರೆಗೆ ಹಾನಿಯಾಗಿಲ್ಲ. "ದೂರು ಕೊಟ್ಟವನು ನೀಚ ಅಂತ್ಲೂ ಒಂದು ಸಾಲು ಹಾಕಿ" ಎಂದರು ಕೌಸರ್. ಸಾಹೇಬರು ಅದನ್ನೂ ಹಾಕಿದರು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ.

ಹಾಜಿ ಹಿಂದೆ ನಿಂತು ಕೊನೆಯವರೆಗೂ ಓದಿದ. ಆಮೇಲೆ ಬಗ್ಗಿ, ಅವರೊಬ್ಬರಿಗೇ ಕೇಳುವಂತೆ ಹೇಳಿದ:

"ಬಹಳ ಚೆನ್ನಾಗಿ ಬರ್ದಿದ್ದೀರಿ. ಈ ಸಲ ಕೆಳಗೆ ಹೆಸರು ಹಾಕೋದು ಮಾತ್ರ ಮರೀಬೇಡಿ."