ಚಹಾಕ್ಕೆ ಏಳು ಮಂದಿ

ಗುಡಗೇರಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ರೈತರು ಬಂದು “ಚಲೋ ಬೀಜ ಕೊಡ್ರಿ” ಎಂದರೆ ತಕ್ಷಣ ಕೊಡುವವನಲ್ಲ ನಾನು. ಎರೆ ಭೂಮಿಯೋ ಮಸಾರಿಯೋ, ನೀರೆಷ್ಟು, ಬಿತ್ತುವುದು ಯಾವಾಗ ಎಂದು ಹತ್ತು ಪ್ರಶ್ನೆ ಕೇಳಿ, ಆಮೇಲೆ ಚೀಲಕ್ಕೆ ಕೈ ಹಾಕುತ್ತೇನೆ. ಇಂಥ ತಜ್ಞನಿಗೆ ಡೇಟಿಂಗ್ ಆ್ಯಪ್ ಆರಿಸುವುದು ಯಾವ ದೊಡ್ಡ ಕೆಲಸ?

ವಯಸ್ಸು ಮೂವತ್ತೈದು. ಅವ್ವ ತೋರಿಸಿದ ಹದಿನೇಳು ಕನ್ಯೆಗಳೂ “ಹಳ್ಳ್ಯಾಗ ಇರೂದಿಲ್ಲ” ಎಂದಿದ್ದರು. ಮದುವೆಯ ಆಸೆ ನನಗೆ ನಿಜಕ್ಕೂ ಇತ್ತು. ಅಂಗಡಿ ಮುಚ್ಚಿ ಮನೆಗೆ ಬಂದಾಗ ದಿನದ ಸುದ್ದಿ ಹೇಳಿಕೊಳ್ಳಲು ಒಬ್ಬಳು ಬೇಕು ಎನಿಸುತ್ತಿತ್ತು.

ಮೂರು ಆ್ಯಪ್ ಇಳಿಸಿಕೊಂಡೆ. ಮೊದಲನೆಯದರಲ್ಲಿ ಎಲ್ಲರೂ ನಾಯಿ ಎತ್ತಿಕೊಂಡು ಬೆಟ್ಟದ ಮೇಲೆ ನಿಂತಿದ್ದರು. ನಮ್ಮ ಕಡೆ ಬೆಟ್ಟವೇ ಇಲ್ಲ. ರದ್ದು! ಎರಡನೆಯದರಲ್ಲಿ ದೂರ ಐದು ಕಿಲೋಮೀಟರ್ ಎಂದು ಒತ್ತಿದೆ. ಬಂದದ್ದು ಒಂದೇ ಫೋಟೋ, ಬಾಜು ಅಂಗಡಿಯ ದರ್ಜಿ ಮಾಬುಸಾಬನದು. ‘ಜಂಪರ್ ಹೊಲಿದು ಕೊಡಲಾಗುವುದು’ ಎಂದು ಜಾಹೀರಾತು ಹಾಕಿದ್ದ!

ಮೂರನೆಯ ಆ್ಯಪ್ ಮಾತ್ರ ನನ್ನ ಹಾಗೆಯೇ ಮೊದಲು ಪ್ರಶ್ನೆ ಕೇಳಿತು. ‘ನಿಮ್ಮ ಗುರಿ ಏನು? ಮದುವೆ, ಗೆಳೆತನ, ಇನ್ನೂ ಗೊತ್ತಿಲ್ಲ.’ ಆಹಾ! ಮದುವೆಯ ಮೇಲೆ ಮೂರು ಸಲ ಒತ್ತಿದೆ. ವಾರದೊಳಗೆ ಶೈಲಾ ಸಿಕ್ಕಳು. ಅಣ್ಣಿಗೇರಿಯ ಹುಡುಗಿ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅವಳ ಗುರಿಯೂ ಮದುವೆ! ನನ್ನ ಕೀಟನಾಶಕದ ಜೋಕಿಗೂ ನಕ್ಕಳು. ಹಳ್ಳಿಯಲ್ಲಿರಲು ತಕರಾರಿಲ್ಲ ಎಂದಳು. ನಾನು ಯೂರಿಯಾ ಕೇಳಿದವರಿಗೆ ಡಿಎಪಿ ಕೊಡತೊಡಗಿದೆ.

ಒಂದು ದಿನ ಅವಳೇ ಬರೆದಳು, “ಐತವಾರ ಹುಬ್ಬಳ್ಳಿಗೆ ಬರ್ರಿ. ಒಂದ್ ಕಪ್ ಚಾ ಕುಡಿಯೂಣು.”

ಖುಷಿ ಹೊಟ್ಟೆಯಲ್ಲಿ ನಿಲ್ಲದೆ ಅವ್ವನಿಗೆ ಹೇಳಿಬಿಟ್ಟೆ. ಇದೇ ನಾನು ಮಾಡಿದ ಘನಕಾರ್ಯ.

“ಕನ್ಯಾ ನೋಡಾಕ ಒಬ್ಬನ ಹೋಗ್ತಿ? ನಿನಗ ಹಿಂದ ಮುಂದ ಯಾರೂ ಇಲ್ಲೇನು?” ಎಂದಳು ಅವ್ವ.

“ಅವ್ವಾ, ಇದು ಬರೇ ಚಾ.”

“ಚಾ ಅಂದ್ರೂ ಮಂದಿ ಬೇಕಪಾ,” ಎಂದರು ಅಪ್ಪನ ತಮ್ಮ ಈರಪ್ಪ ಕಾಕಾ.

ಬೇಡ ಎನ್ನಬಹುದಿತ್ತು. ಆದರೆ ನನಗೂ ಒಳಗೊಳಗೇ ಪುಕುಪುಕು. ಮೆಸೇಜಿನಲ್ಲಿ ಹುಲಿಯಾಗಿದ್ದವನು ಎದುರಿಗೆ ಕೂತು ಏನು ಮಾತಾಡಲಿ? ಹೂಂ ಎಂದೆ. ಸೋದರಮಾವನ ಗಾಡಿಯಲ್ಲಿ ಅವ್ವ, ಕಾಕಾ, ಕಾಕಿ, ಅಕ್ಕ, ಗಾಡಿ ಓಡಿಸುವ ಮಾವ, ನಾನು ಸೇರಿ ಆರು ಜನ ಹೊರಟೆವು. ಸರಿಸಂಖ್ಯೆ ಶುಭವಲ್ಲವೆಂದು ಕಾಕಾ, ಬಸ್ಸಿಗೆ ಕಾಯುತ್ತಿದ್ದ ಮಾಬುಸಾಬನನ್ನೂ ಹತ್ತಿಸಿಕೊಂಡರು. ಏಳು!

ಹೋಟೆಲಿನಲ್ಲಿ ಶೈಲಾ, ಇಬ್ಬರು ಕೂರುವ ಮೇಜು ಹಿಡಿದು ಒಬ್ಬಳೇ ಕೂತಿದ್ದಳು. ಹಳದಿ ಚೂಡಿದಾರ, ಫೋಟೋಕ್ಕಿಂತ ಚೆಲುವೆ! ನಾನು ಕೈ ಎತ್ತಿದೆ. ನನ್ನ ಹಿಂದೆ ಆರು ಕೈ ಎದ್ದವು.

“ಇವರೆಲ್ಲಾ ಯಾರ್ರಿ?”

“ನಮ್ಮ ಮಂದಿರಿ.”

“ಚಾಕ್ಕ?”

“ಹೌದ್ರಿ.”

ಪುಣ್ಯಕ್ಕೆ ಹುಡುಗಿ ನಕ್ಕಳು. ಹೋದ ಜೀವ ಮರಳಿ ಬಂತು. ಮೂರು ಮೇಜು ಜೋಡಿಸಿದರು. ಅವ್ವನಿಗೆ ಹುಡುಗಿ ಅಗದಿ ಮೆಚ್ಚುಗೆ. ಮಾಬುಸಾಬ ದೂರದಿಂದಲೇ ಚೂಡಿದಾರ ನೋಡಿ “ಹೊಲಿಗಿ ಬರೋಬ್ಬರಿ ಐತಿ” ಎಂದು ಒಪ್ಪಿಗೆ ಕೊಟ್ಟ. ನಾನಾಗಲೇ ಮನಸ್ಸಿನಲ್ಲಿ ಚಪ್ಪರ ಹಾಕಿಸುತ್ತಿದ್ದೆ.

ಆಗ ಕಾಕಾ ಬಸಿಗೆ ಚಹಾ ಸುರಿದುಕೊಂಡು ಕೇಳಿದರು, “ನಿಮ್ಮ ಮೂಲ ಯಾವೂರವಾ?”

“ಮೊರಬ ಅಂತರಿ. ನಮ್ಮಜ್ಜಾರು ಅಣ್ಣಿಗೇರಿಗೆ ಬಂದು ಮೆಣಸಿನಕಾಯಿ ವ್ಯಾಪಾರ ಹಿಡಿದ್ರು. ಅದಕ್ಕ ಅಡ್ಡಹೆಸರೂ ಮೆಣಸಿನಕಾಯಿ ಅಂತಾತ್ರಿ.”

“ಅದಕ್ಕೂ ಮೊದಲ ಏನಿತ್ತು?”

ಹುಡುಗಿ ಹೇಳಿದಳು. ನನ್ನ ಅಂಗಡಿಯ ಬೋರ್ಡಿನ ಮೇಲಿರುವುದೂ ಅದೇ ಅಡ್ಡಹೆಸರು! ಕಾಕಾ ಬಸಿ ಕೆಳಗಿಟ್ಟು ಬೆರಳು ಮಡಿಚಿದರು. ಅವಳಜ್ಜ, ನನ್ನಜ್ಜ ಖಾಸಾ ಅಣ್ಣತಮ್ಮಂದಿರು, ಹೊಲದ ಬದುವಿಗೆ ಜಗಳಾಡಿ ಮೊರಬ ಬಿಟ್ಟವರು. ರೈತರಿಗೆ ಹತ್ತು ಪ್ರಶ್ನೆ ಕೇಳುವ ನಾನು, ಅವಳಿಗೆ ಇದೊಂದನ್ನು ಕೇಳಿರಲಿಲ್ಲ.

“ಲೇ ಶಂಕ್ರು, ಇಕಿ ನಿನಗ ತಂಗಿ ಆಗಬೇಕಲೇ!”

ಶೈಲಾ ಒಂದು ಕ್ಷಣ ನನ್ನನ್ನೇ ನೋಡಿ ತಲೆ ತಗ್ಗಿಸಿದಳು. ನಿಜ ಹೇಳುತ್ತೇನೆ, ಅಳು ಬಂದಿತ್ತು. ಆದರೆ ಅಳಲು ಬಿಡುವೆಲ್ಲಿ? ಕಾಕಿ ಅಷ್ಟರಲ್ಲಿ “ನಮ್ಮ ಮನಿ ಮಗಳು!” ಎಂದು ಅವಳನ್ನು ತಬ್ಬಿಕೊಂಡಾಗಿತ್ತು. ಸೊಸೆಗೆಂದು ತಂದ ಸೀರೆಯಲ್ಲೇ ಅವ್ವ ಮಗಳಿಗೆಂದು ಉಡಿ ತುಂಬಿದಳು. “ನಾಗರ ಪಂಚಮಿಗೆ ನಿಮ್ಮಣ್ಣ ಉಂಡಿ ತರ್ತಾನ ನೋಡವಾ,” ಎಂದು ನನಗೊಂದು ಕೆಲಸವನ್ನೂ ಹಚ್ಚಿದಳು.

ಒಯ್ದೆ. ಎಳ್ಳುಂಡಿ, ಶೇಂಗಾ ಉಂಡಿಯ ಡಬ್ಬಿ ಹೊತ್ತು ಪಂಚಮಿಗೆ ಅಣ್ಣಿಗೇರಿಗೆ ಹೋದೆ. ಶೈಲಾ ಉಂಡಿ ತಿನ್ನುತ್ತಲೇ ಫೋನು ನನ್ನ ಮುಂದೆ ಹಿಡಿದಳು.

“ಅಣ್ಣಾ, ಈ ಹುಡುಗ ಹೆಂಗದಾನ ನೋಡು. ಅದ ಆ್ಯಪಿನ್ಯಾಗ ಸಿಕ್ಕಾನ. ಮೂಲ ಊರು, ಹಳೇ ಅಡ್ಡಹೆಸರು ಮೊದಲ ಕೇಳೇನಿ. ಐತವಾರ ಚಾಕ್ಕ ಕರದೇನಿ.”

“ಎಷ್ಟ್ ಮಂದಿ ಬರ್ತಾರಂತ?”

“ಒಬ್ಬನ ಬರ್ತಾನಂತ.”

“ಶಾಣ್ಯಾ ಅದಾನವಾ,” ಎಂದೆ. “ಇವನ್ನ ಮಾಡ್ಕೊ.”