ಗಾಲಿ ಕಾಣದ ವಿಮಾನ

ನನ್ನ ಸೋದರಮಾವನಿಗೆ ಹೆಂಡತಿ ಹೇಳಿ ಕಳಿಸಿದ ಮೂರು ತರಕಾರಿಯ ಹೆಸರು ಪೇಟೆ ಮುಟ್ಟುವ ತನಕ ನೆನಪಿರುವುದಿಲ್ಲ. ಆದರೆ ಎಂಬತ್ತು ವರ್ಷದ ಹಿಂದಿನ ವಿಮಾನವೊಂದರ ಗಾಲಿಗೆ ಎಷ್ಟು ಬೋಲ್ಟು ಎಂದು ಕೇಳಿ, ನಿದ್ದೆಯಲ್ಲೂ ಹೇಳುತ್ತಾರೆ! ಹಾಗಂತ ಇವರು ವಿಮಾನ ಹತ್ತಿದವರೇ? ಚಿತ್ತವಾಡ್ಗಿಯ ತಮ್ಮ ಮನೆಯ ಮಾಳಿಗೆ ಹತ್ತಿದರೇ ಅವರಿಗೆ ತಲೆಸುತ್ತು ಬರುತ್ತದೆ.

ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಅದಿರು ಹೊರುವ ಡಂಪರ್‌ಗಳ ಗಾಲಿ ಬಿಚ್ಚಿ ಹಾಕಿ ನಿವೃತ್ತರಾದವರು ಅವರು. ಈಗ ಹಳೆಯ ವಿಮಾನಗಳ ಹುಚ್ಚು ಹಿಡಿದವರ ಒಂದು ವಾಟ್ಸಾಪ್ ಗುಂಪು ಸೇರಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಒಂದು ಫೋಟೊ ಬೀಳುತ್ತದೆ. ಇಡೀ ವಿಮಾನ ಇರುವುದಿಲ್ಲ. ಬಾಲದ ಚೂರೋ ರೆಕ್ಕೆಯ ತುದಿಯೋ ಅಷ್ಟೇ. ಅದು ಯಾವ ವಿಮಾನವೆಂದು ಮೊದಲು ಹೇಳಿದವರಿಗೆ ಮುಂದಿನ ವಾರದ ಫೋಟೊ ಹಾಕುವ ಹಕ್ಕು. ಬಹುಮಾನ ಇಷ್ಟೇ! ಇದಕ್ಕಾಗಿ ಮಾವ ಸ್ನಾನ, ತಿಂಡಿ ಬಿಟ್ಟು ಭೂತಗನ್ನಡಿ ಹಿಡಿದು ಮೊಬೈಲಿನ ಮೇಲೆ ಬಗ್ಗಿ ಕೂರುತ್ತಾರೆ. ಎರಡು ಬೆರಳಲ್ಲಿ ಫೋಟೊ ದೊಡ್ಡದು ಮಾಡಬಹುದೆಂದು ತೋರಿಸಿಕೊಟ್ಟೆ. ಅದು ಸೋಮಾರಿಗಳ ಕೆಲಸವಂತೆ.

ಉಳಿದವರು ಮೂಗು ನೋಡುತ್ತಾರೆ, ರೆಕ್ಕೆ ನೋಡುತ್ತಾರೆ. ಮಾವ ಗಾಲಿಯಿಂದಲೇ ಶುರು ಮಾಡುತ್ತಾರೆ. "ರೆಕ್ಕಿಗೆ ಯಾರ್ ಬೇಕಾದ್ರೂ ಬಣ್ಣ ಬಡೀತಾರ. ಭಾರ ಹೊರೋದು ಗಾಲಿ. ಅದು ಸುಳ್ಳು ಹೇಳಂಗಿಲ್ಲ" ಎನ್ನುವುದು ಅವರ ಸಿದ್ಧಾಂತ.

ನನ್ನ ತಂಗಿ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಯಾವುದೋ ಊರಿನ ವಸ್ತುಸಂಗ್ರಹಾಲಯಕ್ಕೆ ಹೋಗಿ, ಹಳೆಯ ವಿಮಾನದ ಮುಂದೆ ನಿಂತ ಫೋಟೊವನ್ನು ಮನೆಯವರ ಗುಂಪಿಗೆ ಕಳಿಸಿದ್ದಳು. ಎಲ್ಲರೂ ಚೆಂದದ ಜೋಡಿ ಎಂದು ಹರಸಿದರು. ಮಾವ ಮಾತ್ರ, ಅಳಿಯಂದಿರು ಸ್ವಲ್ಪ ಎಡಕ್ಕೆ ಸರಿದು ಇನ್ನೊಂದು ತೆಗೆಸಿರಿ, ಗಾಲಿ ಮುಚ್ಚಿದೆ ಎಂದು ಬರೆದರು! ಪಾಪ, ಅಳಿಯ ಸಾಧು. ಮತ್ತೆ ಟಿಕೆಟ್ ಕೊಂಡು ಒಳಗೆ ಹೋಗಿ ಬರೀ ಗಾಲಿಯ ಫೋಟೊ ಕಳಿಸಿದ. ನಮ್ಮ ಮನೆತನದ ಅಳಿಯಂದಿರಲ್ಲಿ ಅಂದಿನಿಂದ ಅವನೇ ಮೊದಲಿಗ.

ಇಷ್ಟೆಲ್ಲ ಮಾಡಿಯೂ ಮಾವ ಎರಡು ವರ್ಷ ಒಂದು ಭಾನುವಾರವೂ ಗೆಲ್ಲಲಿಲ್ಲ. ಬಿಟ್ಟುಬಿಡಿ ಎಂದು ಅತ್ತೆ ಗೋಗರೆದರು. ಬಿಡುವ ಆಸಾಮಿಯೇ? ಯಾಕೆ ಈ ಹಠ ಎಂದು ನಾನು ಒಮ್ಮೆ ಕೇಳಿದಾಗ ಮಾವ ನನ್ನನ್ನು ದೇವರ ಕೋಣೆಗೆ ಕರೆದೊಯ್ದು ಕಟ್ಟು ಹಾಕಿಸಿದ ಒಂದು ಫೋಟೊ ತೋರಿಸಿದರು.

ಅದರಲ್ಲಿ ನಾಲ್ಕು ವರ್ಷದ ಮಾವ ವಿಮಾನದಲ್ಲಿ ಕೂತು ಬಾಯಿ ತೆರೆದು ಅಳುತ್ತಿದ್ದಾರೆ. ಪಕ್ಕದಲ್ಲಿ ರೆಕ್ಕೆಯ ಮೇಲೆ ಕೈಯಿಟ್ಟು ನಿಂತವರು ನನ್ನಜ್ಜ. ವಿಮಾನ ಹಲಗೆಯದು. ಕಂಪ್ಲಿಯಲ್ಲಿ ಎತ್ತಿನ ಬಂಡಿ ಮಾಡುತ್ತಿದ್ದ ಅಜ್ಜ, ಹೊಸಪೇಟೆಯ ಒಂದು ಫೋಟೊ ಸ್ಟುಡಿಯೋದವರು ಕೇಳಿದರೆಂದು ಮಾಡಿಕೊಟ್ಟದ್ದು. ಜನ ಅದರಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರಂತೆ. ಮರುವರ್ಷವೇ ಅಜ್ಜ ತೀರಿಕೊಂಡರು. ಸ್ಟುಡಿಯೋವೂ ಹೋಯಿತು, ವಿಮಾನವೂ ಹೋಯಿತು. ಅಪ್ಪನದೆಂದು ಮಾವನಿಗೆ ಉಳಿದದ್ದು ಈ ಫೋಟೊ ಒಂದೇ. ಅಪ್ಪನ ದನಿ ಹೇಗಿತ್ತೆಂಬುದೂ ಅವರಿಗೆ ನೆನಪಿಲ್ಲ.

"ಅಪ್ಪ ಇದನ್ನ ಯಾವ ವಿಮಾನ ನೋಡಿ ಮಾಡಿದ? ಅಷ್ಟು ಗೊತ್ತಾಗಬೇಕಲೇ ನನಗ," ಎಂದರು ಮಾವ. ಹಾಗಾದರೆ ಗುಂಪಿನಲ್ಲಿ ನೇರವಾಗಿ ಕೇಳಬಾರದೇ ಎಂದೆ. "ಹಲಗಿದು ಅಂದ್ರ ಯಾರೂ ತಿರುಗಿ ನೋಡಂಗಿಲ್ಲ. ಗೆದ್ದು ಕೇಳ್ತೀನಿ."

ಗೆದ್ದರು! ಒಂದು ಭಾನುವಾರ ಗುಂಪಿನಲ್ಲಿ ಬರೀ ಗಾಲಿ ಬಿತ್ತು. ನಮ್ಮ ಅಳಿಯ ಕಳಿಸಿದ್ದ ಅದೇ ಗಾಲಿ! ಮಾವ ಅರ್ಧ ನಿಮಿಷದಲ್ಲಿ ಉತ್ತರ ಬರೆದು, ಎರಡು ವರ್ಷದಲ್ಲಿ ಮೊದಲ ಸಲ ಭಾನುವಾರ ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿದರು.

ಮುಂದಿನ ವಾರ ಅಜ್ಜನನ್ನೂ ಅಳುವ ಹುಡುಗನನ್ನೂ ಬಿಟ್ಟು, ಮೂಗು, ರೆಕ್ಕೆ, ಬಾಲ ಮಾತ್ರ ಕಾಣುವಂತೆ ಕಟ್ಟಿನ ಫೋಟೊವನ್ನು ಮೊಬೈಲಿನಲ್ಲಿ ಹಿಡಿದು ಕತ್ತರಿಸಿ ಹಾಕಿದರು. ಗುಂಪು ಕಂಗಾಲಾಯಿತು. ಒಬ್ಬರು ಡಕೋಟಾ ವಿಮಾನದ ದಾಯಾದಿ ಎಂದರು. ಇನ್ನೊಬ್ಬರು ಫ್ರಾನ್ಸಿನದೆಂದು ಎರಡು ಪುಟ ಬರೆದರು. ಅವರಿಬ್ಬರೂ ಜಗಳಾಡಿ ಗುಂಪನ್ನೇ ಬಿಟ್ಟರು. ಗುಂಪು ನಡೆಸುವ ಧಾರವಾಡದ ನಿವೃತ್ತ ಮೇಷ್ಟರು ಶನಿವಾರ ಮಾವನಿಗೆ ಫೋನ್ ಮಾಡಿ ಸೋಲೊಪ್ಪಿಕೊಂಡರು. ಮೂಗು ಒಂದರದಂತೆ, ಬಾಲ ಇನ್ನೊಂದರದಂತೆ, ಇಂಥ ವಿಮಾನ ಜಗತ್ತಿನಲ್ಲೇ ಇಲ್ಲವಂತೆ. ಕೊನೆಗೆ, "ಗಾಲಿ ತೋರಸ್ರಿ, ನೋಡೋಣ" ಎಂದರು.

ಮಾವ ಪೆಚ್ಚಾದರು. ಫೋಟೊದ ಸುತ್ತ ಅಗಲವಾದ ರಟ್ಟಿನ ಅಂಚಿತ್ತು. ಕೆಳಗಿನ ಭಾಗವೆಲ್ಲ ಅದರಡಿ ಮುಚ್ಚಿತ್ತು. ಗಾಲಿಗಾಗಿ ಮದುಮಗನನ್ನೇ ಸರಿಸಿದ ಮನುಷ್ಯ, ಅಪ್ಪನ ಫೋಟೊ ಎಲ್ಲಿ ಹರಿದೀತೋ ಎಂದು ಅರವತ್ತು ವರ್ಷ ಆ ಕಟ್ಟನ್ನು ಬಿಚ್ಚಿಯೇ ಇರಲಿಲ್ಲ!

ಈಗ ಬಿಚ್ಚಿದರು. ಡಂಪರ್ ಬಿಚ್ಚಿದ ಕೈ ನಾಲ್ಕು ಸಣ್ಣ ಮೊಳೆ ಕೀಳಲು ಅರ್ಧ ಗಂಟೆ ತೆಗೆದುಕೊಂಡಿತು. ರಟ್ಟು ಸರಿಯಿತು. ಕೆಳಗೆ ಇದ್ದದ್ದು ಬಂಡಿಯ ಗಾಲಿ. ಅಳತೆಯಲ್ಲಿ ಸಣ್ಣದು, ಕಬ್ಬಿಣದ ಪಟ್ಟಿ ಹೊಡೆದದ್ದು, ಅಪ್ಪಟ ಕಂಪ್ಲಿಯದು. ಅದರ ಮುಂದೆ, ಗಾಲಿ ಉರುಳದಂತೆ ಅಡ್ಡ ಇಟ್ಟ ಅಜ್ಜನ ಬರಿಗಾಲು.

ಮಾವ ಭೂತಗನ್ನಡಿ ಕೆಳಗಿಟ್ಟರು. ಕಣ್ಣು ತುಂಬಿತ್ತು. "ಹಾರಿ ಹೋಗತೈತಿ ಅಂತ ಅಳ್ತಿದ್ದೆ ನಾ," ಎಂದರು.

ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಪೂರ್ತಿ ಫೋಟೊ ಬಿತ್ತು. ಕೆಳಗೆ ಮಾವ ಉತ್ತರ ಬರೆದಿದ್ದರು: ‘ಯಾವುದನ್ನೂ ನೋಡಿ ಮಾಡಿದ್ದಲ್ಲ. ಮಾಡಿದ್ದು ಒಂದೇ. ಗಾಲಿ, ಕಂಪ್ಲಿ ಬಂಡಿಯದು. ಬ್ರೇಕ್, ನಮ್ಮಪ್ಪ.’