ಅತ್ತೆಯ ಸೂಜಿ, ಸರ್ವಾಧಿಕಾರಿಯ ಕಂಬಳಿ

ಸುಯ್ಯ್… ಟಪ್. ಸುಯ್ಯ್… ಟಪ್.

ರಾತ್ರಿ ಎರಡು ಗಂಟೆಗೆ ಕೇಳಿದ ಆ ಸಣ್ಣ ಸದ್ದಿಗೆ ಬಸವೇಶ ಹಾಸಿಗೆಯಲ್ಲಿ ಎದ್ದು ಕುಳಿತ. ಇಲಿಯೇ? ಇಲಿಯಾದರೆ ಅವನ ಕತೆ ಮುಗಿದಂತೆಯೇ. ಏಕೆಂದರೆ ಕೆಳಗೆ, ಹಾಲ್‌ನ ಸೋಫಾದಿಂದ ಊಟದ ಮೇಜಿನವರೆಗೆ, ಒಬ್ಬ ಸರ್ವಾಧಿಕಾರಿಯ ಮನೆಯ ಗೋಡೆಗಂಬಳಿ ಮೈಚಾಚಿ ಮಲಗಿತ್ತು.

ಅದು ಪರದೇಶದ ಎಟೋಬಿಕೋಕ್‌ನ ಆ ಬಾಡಿಗೆ ಮನೆಗೆ ಬಂದದ್ದು ಹಿಮದ ದೆಸೆಯಿಂದ. ಬಸವೇಶ ಪಕ್ಕದ ವಾನ್ ಎಂಬ ಊರಿನಲ್ಲಿ ಹಳೆಯ ವಸ್ತುಗಳನ್ನು ಹರಾಜು ಹಾಕುವ ಕಂಪನಿಯೊಂದರ ಗೋದಾಮಿನಲ್ಲಿ ಸಾಮಾನು ಹೊರುವ, ಕಟ್ಟುವ, ವ್ಯಾನ್ ಓಡಿಸುವ ಕೆಲಸದಲ್ಲಿದ್ದ. ಯುರೋಪಿನ ಯಾವುದೋ ಸರ್ವಾಧಿಕಾರಿ ಯುದ್ಧದ ವರ್ಷಗಳನ್ನು ಕಳೆದ ಬೆಟ್ಟದ ಬಂಗಲೆಯ ಸಾಮಾನುಗಳು ಕೈಯಿಂದ ಕೈಗೆ ದಾಟಿ ಪಿಕರಿಂಗ್‌ನ ಮುದುಕರೊಬ್ಬರ ಮನೆ ಸೇರಿದ್ದವು. ಸಿಂಹದ ಕಾಲಿನ ಕುರ್ಚಿಗಳು, ಆಳೆತ್ತರದ ಕನ್ನಡಿ ಆಗಲೇ ಗೋದಾಮಿಗೆ ಬಂದಾಗಿತ್ತು. ಉಳಿದದ್ದು ಜಿಂಕೆಬೇಟೆಯ ಚಿತ್ರ ನೇಯ್ದ ಈ ಗೋಡೆಗಂಬಳಿ. ಅದನ್ನು ತರುವ ದಿನವೇ ಹಿಮ ಸುರಿದು ದಾರಿಯೆಲ್ಲ ಕಟ್ಟಿಕೊಂಡಿತು. ವಾನ್ ಊರು ಮುಟ್ಟುವಷ್ಟರಲ್ಲಿ ಗೋದಾಮಿಗೆ ಬೀಗ.

"ರಾತ್ರಿಯಿಡೀ ವ್ಯಾನ್‌ನಲ್ಲಿ ಬಿಡಬೇಡ, ತೇವಕ್ಕೆ ಹಾಳಾಗುತ್ತದೆ," ಎಂದಿದ್ದಳು ಫೋನಿನಲ್ಲಿ ಮೇಲಧಿಕಾರಿ ಹೆಲೆನ್. "ನಿನ್ನ ಮನೆಗೆ ಒಯ್ದು ಸಡಿಲವಾಗಿ ಹರಡು. ನಾಳೆ ಹನ್ನೊಂದಕ್ಕೆ ತಾ. ಅಂದಹಾಗೆ, ನಿನ್ನನ್ನು ಕಾಯಂ ಮಾಡುವ ಪತ್ರಕ್ಕೂ ನಾಳೆಯೇ ಸಹಿ ಹಾಕುತ್ತೇನೆ."

ಕಾಯಂ! ಅವನು ಕಾಯಂ ಆದರೆ ಹೆಂಡತಿ ಮಾಧುರಿ ವೃದ್ಧಾಶ್ರಮದ ರಾತ್ರಿ ಶಿಫ್ಟು ಬಿಡಬಹುದು. ಗಂಡ ಹೆಂಡತಿ ಒಂದೇ ಹೊತ್ತಿಗೆ ಉಣ್ಣಬಹುದು. ಮೂರು ತಿಂಗಳಿಂದ ಅವನು ಆ ಒಂದು ಸಹಿಗಾಗಿ ಗಾಜಿನ ಲೋಟವನ್ನೂ ಹಸುಗೂಸಿನಂತೆ ಎತ್ತಿಕೊಂಡು ಓಡಾಡಿದ್ದ.

ಮೆಟ್ಟಿಲಿಳಿದು ನೋಡಿದರೆ ಇಲಿಯಿಲ್ಲ. ಸೋಫಾದ ಮೇಲೆ ಅತ್ತೆ ದಾನವ್ವ ಕುಳಿತಲ್ಲೇ ತೂಕಡಿಸುತ್ತಿದ್ದರು. ಕೈಯಲ್ಲಿ ದಾರ ಪೋಣಿಸಿದ ಸೂಜಿ. ಮಡಿಲಲ್ಲಿ, ನವಲಗುಂದದಿಂದ ಬಂದಂದಿನಿಂದ ಹಳೆ ಸೀರೆಗಳ ತುಂಡು ಜೋಡಿಸಿ ಅವರು ಹೊಲಿಯುತ್ತಿದ್ದ ಕೌದಿ. ಕಾಲ ಮೇಲೆ ಬೆಚ್ಚಗೆ ಸರ್ವಾಧಿಕಾರಿಯ ಕಂಬಳಿಯ ಒಂದು ಮೂಲೆ.

ಆ ಮೂಲೆಯಲ್ಲೊಂದು ತೇಪೆ.

ಅಂಗೈಯಗಲದ ಕಂದು ಬಟ್ಟೆ. ಸುತ್ತ ಸಾಲುಸಾಲಾಗಿ ಇರುವೆ ಹರಿದಂಥ ಸಣ್ಣ ಹೊಲಿಗೆ. ಥೇಟ್ ಕೌದಿಯ ಹೊಲಿಗೆ. ಬಸವೇಶನ ಎದೆ, ಹಿಮದಲ್ಲಿ ಸಿಕ್ಕಿಕೊಂಡ ಗಾಡಿಯ ಗಾಲಿಯಂತೆ, ಇದ್ದಲ್ಲೇ ಗಿರ್ರನೆ ತಿರುಗಿತು. ಹರಿದದ್ದು ಕಂಡರೆ ಸುಮ್ಮನಿರುವ ಜೀವವಲ್ಲ ಅತ್ತೆಯದು. ಹೋದ ವಾರ ಅವನ ಜೀನ್ಸ್ ಪ್ಯಾಂಟಿನ ಫ್ಯಾಶನ್ ಹರಕಿಗೂ ಖಣದ ತುಂಡು ಹಚ್ಚಿದ್ದರು.

ಎಬ್ಬಿಸಿ ಕೇಳಬಹುದಿತ್ತು. ಆದರೆ ಅತ್ತೆಯನ್ನು ಅಳಿಯ ಕೇಳುವುದುಂಟೇ? ಬಂದು ಮೂರು ತಿಂಗಳಾದರೂ ಅವರಿಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ. ಮಾಧುರಿ ನಡುವೆ ಇದ್ದರೆ ಅವಳ ಮೂಲಕ. ಇಲ್ಲದಿದ್ದರೆ ಇವನು ಫ್ರಿಜ್ಜಿನ ಕಡೆ ತಿರುಗಿ ಹೇಳುವುದು, ಅವರು ಚಹಾದ ಕೆಟಲಿಗೆ ಉತ್ತರ ಕೊಡುವುದು.

ಹೀಗಾಗಿ ಅವನು ಉಗುರು ಕತ್ತರಿ ತಂದು ನೆಲದ ಮೇಲೆ ಕುಳಿತು ಒಂದೊಂದೇ ಹೊಲಿಗೆ ಬಿಚ್ಚಿದ. ಬಿಚ್ಚಿದ ದಾರ, ತೇಪೆ, ಎರಡನ್ನೂ ಗೋದಾಮಿನ ಅಭ್ಯಾಸದಂತೆ ಮಡಚಿ ಕಿಸೆಗೆ ಹಾಕಿದ. ಒಳಗೊಂದು ಹಳೆಯ ತೂತು ಕಾಣಿಸಿತು. ಕೊನೆಯ ಮೂಲೆಯಿಂದ ಅಡಿಕೆ ಚೂರಿನಂಥ ಕಪ್ಪು ತುಣುಕೊಂದು ಟಣ್ಣನೆ ಉರುಳಿ ಸೋಫಾದ ಕೆಳಗೆ ಹೋಯಿತು.

"ರೊಟ್ಟಿ ಚೂರೂ ಇಟ್ಟಾರಪ್ಪಾ!" ಎಂದು ಹಣೆ ಒತ್ತಿಕೊಂಡ. ಕೌದಿ ಹಸಿದಿರಬಾರದು ಎಂದು ಕೊನೆಯ ಹೊಲಿಗೆ ಹಾಕುವ ಮುಂಚೆ ಅದರ ಹೊಟ್ಟೆಗೆ ಒಂದು ಚೂರು ರೊಟ್ಟಿ ಇಡುವುದು ಅತ್ತೆಯ ಮನೆಯ ಪದ್ಧತಿ. ಅದು ಅವನಿಗೂ ಗೊತ್ತಿತ್ತು.

ದೊಡ್ಡ ಗಂಡಾಂತರದಿಂದ ಪಾರಾದೆ ಎಂದು ಹೋಗಿ ಮಲಗಿದ.

ಬೆಳಿಗ್ಗೆ ಎಂಟಕ್ಕೆ ಹೆಲೆನ್‌ಳ ಫೋನ್. "ಕಂಬಳಿ ಪರೀಕ್ಷಿಸುವ ಪ್ರೊಫೆಸರ್ ಹನ್ನೊಂದಕ್ಕೇ ಬರುತ್ತಾರೆ. ಕೆಳಗಿನ ಎಡ ಮೂಲೆಯ ತೇಪೆ ಹುಷಾರು. ಇಡೀ ಕಂಬಳಿಯ ಬೆಲೆ ಅದರಲ್ಲೇ ಇದೆ."

"ತೇ… ತೇಪೆ?"

"ಬಂಗಲೆಯ ಅಡುಗೆಯವಳು ಯುದ್ಧದ ಕಡೆಯ ಚಳಿಗಾಲದಲ್ಲಿ ತನ್ನ ಕೋಟು ಕತ್ತರಿಸಿ ಹಚ್ಚಿದ್ದು. ಒಳಗೆ ಒಂದು ಚೂರು ಬ್ರೆಡ್ ಇಟ್ಟು ಹೊಲಿದಳಂತೆ, ಮನೆ ಹಸಿದಿರಬಾರದು ಅಂತ. ಅವಳ ಮಗಳ ಪತ್ರವಿದೆ. ಇದು ಆ ಬಂಗಲೆಯದೇ ಅನ್ನುವುದಕ್ಕೆ ಅದೊಂದೇ ಸಾಕ್ಷಿ. ತೇಪೆ ಇಲ್ಲದಿದ್ದರೆ ಇದು ಬರೀ ಹಳೇ ಪರದೆ."

ಫೋನ್ ಇಟ್ಟ ಬಸವೇಶ ಅಡುಗೆಮನೆಗೆ ಓಡಿ ಫ್ರಿಜ್ಜಿನ ಮುಂದೆ ನಿಂತ.

"ರಾತ್ರಿ ಕಂಬಳಿ ಮ್ಯಾಲ ಅತ್ತಿಯಾರು ಏನರ ಹೊಲದ್ರೋ ಏನೋ," ಎಂದ ಫ್ರಿಜ್ಜಿಗೆ.

ದಾನವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ ಕೆಟಲಿನ ಕಡೆ ತಿರುಗಿದರು. "ನಾ ಯಾಕ ಹೊಲೀಲಿ? ನಾ ನನ್ನ ಕೌದಿ ಹೊಲ್ಯಾಕತ್ತಿದ್ದೆ. ಅದಕ ಯಾರೋ ಪುಣ್ಯಾತ್ಗಿತ್ತಿ ಮೊದಲ ತ್ಯಾಪಿ ಹಚ್ಚಿದ್ಲು. ಏನ್ ಛಂದ ಹಚ್ಚಿದ್ಲು ಅಂತೀನಿ! ಮುಂಜಾನೆ ಎದ್ದು ನೋಡಿದ್ರ ಯಾರೋ ಕಿತ್ತು ಹಾಕ್ಯಾರ."

ಫ್ರಿಜ್ಜು ಗುಂಯ್ ಎಂದಿತು. ಬಸವೇಶನೂ.

ಅವನ ಕೂಗಿಗೆ ಪಕ್ಕದ ಮನೆಯ ಚಿರಂತನ್ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಬಂದ. ಮೈಸೂರಿನವನು, ಸಾಫ್ಟ್‌ವೇರ್ ಇಂಜಿನಿಯರ್, ಮನೆಯಿಂದ ಕೆಲಸ. ಆದ್ದರಿಂದ ಎಲ್ಲರ ಮನೆಯದೂ ಅವನದೇ ಕೆಲಸ. ಹಿಂದೆಯೇ ಹೆಂಡತಿ ಸಾಹಿತ್ಯ.

"ಟೆನ್ಷನ್ ತಗೋಬೇಡಿ ಬಾಸ್," ಎಂದ ಎಲ್ಲ ಕೇಳಿ. "ಪ್ರಾಬ್ಲಮ್ಮನ್ನ ಬ್ರೇಕ್‌ಡೌನ್ ಮಾಡೋಣ. ತೇಪೆ ಇದೆ. ದಾರ ಇದೆ. ಬ್ರೆಡ್ ಪೀಸ್ ಎಲ್ಲಿ?"

"ಸೋಫಾದ ಕೆಳಗ."

ಮೂವರೂ ಬೋರಲಾಗಿ ಬಗ್ಗಿದರು. ಸೋಫಾದ ಕೆಳಗೆ ಕನ್ನಡಿಯಷ್ಟು ಸ್ವಚ್ಛ. ಆ ಹೊತ್ತಿಗೆ ಗುಂಡಗಿನ ರೋಬೊ ವ್ಯಾಕ್ಯೂಮ್ ಕೆಲಸ ಮುಗಿಸಿದ ಹೆಮ್ಮೆಯಲ್ಲಿ ಅವರ ಮುಂದೆಯೇ ಹಾದು ತನ್ನ ಮೂಲೆಗೆ ಹೋಗಿ ಕುಳಿತುಕೊಂಡಿತು. ಅದನ್ನು ದಿನಾ ಏಳಕ್ಕೆ ತಾನೇ ಏಳುವಂತೆ ಮಾಡಿಕೊಟ್ಟವನು ಚಿರಂತನ್.

ಅದರ ಹೊಟ್ಟೆಯನ್ನು ಪೇಪರಿನ ಮೇಲೆ ಕೊಡವಿದರು. ಚುರುಮುರಿ, ಒಂದು ಗುಂಡಿ, ಮಾಧುರಿ ತಿಂಗಳಿಂದ ಹುಡುಕುತ್ತಿದ್ದ ಕಿವಿಯೋಲೆ, ಧೂಳು. ಬ್ರೆಡ್ ಇಲ್ಲ.

"ಒಳಗಡೆ ಪುಡಿಯಾಗಿರತ್ತೆ," ಎಂದ ಚಿರಂತನ್.

"ಹೊಸದು ಮಾಡಿದ್ರಾಯ್ತಪ್ಪ!" ಎಂದಳು ಸಾಹಿತ್ಯ. "ಹೊಸ ಸಾಮಾನನ್ನ ಹಳೇದು ಮಾಡೋ ವಿಡಿಯೋ ನೋಡಿದೀನಿ. ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಓವನ್‌ನಲ್ಲಿ ಇಡೋದು. ಹತ್ತೇ ನಿಮಿಷಕ್ಕೆ ಎಂಬತ್ತು ವರ್ಷ ಆಗತ್ತೆ."

ಆರನೇ ನಿಮಿಷಕ್ಕೆ ಹೊಗೆಯ ಅಲಾರ್ಮ್ ಬಾಯಿ ಬಿಟ್ಟಿತು. ಚಿರಂತನ್ ಸ್ಟೂಲ್ ಹತ್ತಿ ಅದಕ್ಕೆ ಗಾಳಿ ಹಾಕಿದ. ಸಾಹಿತ್ಯ ಬಾಗಿಲು ತೆಗೆದಳು, ಹಿಮ ಒಳಗೆ ಬಂತು. ರಾತ್ರಿ ಶಿಫ್ಟು ಮುಗಿಸಿ ಅದೇ ಕ್ಷಣಕ್ಕೆ ಬಂದ ಮಾಧುರಿ ಹೊಸ್ತಿಲಲ್ಲಿ ನಿಂತು, ಹೊಗೆ, ಹಿಮ, ನೆಲದ ಮೇಲೆ ತಲೆ ಹಿಡಿದುಕೊಂಡ ಗಂಡ, ಎಲ್ಲವನ್ನೂ ನೋಡಿ, "ಯವ್ವಾ, ಇವ್ರಿಗೆ ಏನಾತು?" ಎಂದಳು.

"ಯಾವನೋ ಸತ್ತ ದೊರಿಗೆ ಅಂಜ್ಯಾರ," ಎಂದರು ದಾನವ್ವ.

ಅವರು ಇದಾವುದಕ್ಕೂ ಏಳದೆ ಕಿಟಕಿಯ ಬೆಳಕಿಗೆ ಕಂಬಳಿಯ ಮೂಲೆ ಎಳೆದುಕೊಂಡು ಕುಳಿತಿದ್ದರು. "ಆ ತ್ಯಾಪಿ, ದಾರ, ಯಾರ ಕಿಸೇದಾಗ ಅದಾವೋ ಅವ್ರು ಕೊಡಬೇಕಂತ," ಎಂದು ಕೆಟಲಿಗೆ ಹೇಳಿದರು. ಬಸವೇಶ ಫ್ರಿಜ್ಜನ್ನು ನೋಡುತ್ತಲೇ ಕೊಟ್ಟ.

ಸುಯ್ಯ್… ಟಪ್. ಹಳೆಯ ತೂತಿನಲ್ಲೇ ಹಳೆಯ ದಾರ. ಅವರ ಬೆರಳು ಆ ಎಂಬತ್ತು ವರ್ಷದ ಹಿಂದಿನ ಹೆಂಗಸಿನ ಬೆರಳನ್ನು ಹಿಡಿದುಕೊಂಡು ಹೋದಂತೆ ಒಂದೂ ತಪ್ಪದೆ ಸಾಗಿತು. ಕೊನೆಯ ಮೂಲೆ ಬಂದಾಗ ಅವರು ತಟ್ಟೆಯಿಂದ ರೊಟ್ಟಿಯ ಒಂದು ಚೂರು ಮುರಿದದ್ದು ಬಸವೇಶನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಮತ್ತೆ ಹೆಲೆನ್‌ಳ ಫೋನು. ಅವನು ಮುಖ ತಿರುಗಿಸಿದ. ಬರುವಷ್ಟರಲ್ಲಿ ಗಂಟು ಬಿದ್ದಾಗಿತ್ತು.

"ಅದರ ಹೊಟ್ಟಿ ತುಂಬೇತೋ ಇಲ್ಲೋ," ಎಂದ ಫ್ರಿಜ್ಜಿಗೆ.

"ಹಸಿದಿದ್ದನ್ನ ನಾ ಎಂದರ ಕಳಿಸೀನೇನು?" ಎಂದರು ದಾನವ್ವ, ಬಾಯಿ ಒರೆಸಿಕೊಳ್ಳುತ್ತ.

ಹನ್ನೊಂದಕ್ಕೆ ಇನ್ನೂ ಎರಡು ನಿಮಿಷವಿರುವಾಗ ಕಂಬಳಿ ವಾನ್‌ನ ಗೋದಾಮಿನ ಉದ್ದ ಮೇಜಿನ ಮೇಲಿತ್ತು. ಗುಬ್ಬಿಯಷ್ಟೇ ಹಗುರಾಗಿದ್ದ ಮುದಿ ಪ್ರೊಫೆಸರು ಭೂತಗನ್ನಡಿ ಹಿಡಿದು ತೇಪೆಯ ಮೇಲೆ ಬಗ್ಗಿದರು. ಒಂದು ಬೆರಳಿಂದ ಮೆಲ್ಲಗೆ ಒತ್ತಿದರು. ಅವರ ಕಣ್ಣು ತುಂಬಿ ಬಂತು.

"ಇದೆ! ಒಳಗೆ ಇದೆ! ಯಜಮಾನ ಬೇಟೆಯಾಡುತ್ತಿದ್ದ, ಇವಳು ತನ್ನ ಪಾಲಿನ ಬ್ರೆಡ್ಡನ್ನು ಅವನ ಗೋಡೆಗೆ ಉಣಿಸಿದಳು."

ಹೆಲೆನ್ ಮುಗುಳ್ನಕ್ಕು ಕಾಯಂ ಪತ್ರದ ಲಕೋಟೆಯನ್ನು ಬಸವೇಶನ ಮುಂದೆ ಇಟ್ಟು ಪೆನ್ನಿನ ಮುಚ್ಚಳ ತೆಗೆದಳು.

"ಒಂದೇ ಒಂದು ಹೊಲಿಗೆ ಬಿಚ್ಚೋಣ," ಎಂದರು ಪ್ರೊಫೆಸರು. "ಲ್ಯಾಬಿಗೆ ಕಳಿಸಿದರೆ ಯಾವ ಹಿಟ್ಟು ಅಂತ ಹೇಳುತ್ತಾರೆ. ಕ್ಯಾಟಲಾಗಿನಲ್ಲಿ ಹಾಕಬಹುದು."

ಬಸವೇಶನ ಕಣ್ಣ ಮುಂದೆ ಕ್ಯಾಟಲಾಗು ತೆರೆದುಕೊಂಡಿತು: ಸರ್ವಾಧಿಕಾರಿಯ ಬಂಗಲೆಯಲ್ಲಿ ಬಿಳಿಜೋಳದ ರೊಟ್ಟಿ, ಪ್ರಾಯಶಃ ಶೇಂಗಾ ಚಟ್ನಿಯ ಜತೆ. ಲಕೋಟೆ ಕೈಗೆ ತಾಕುವಷ್ಟು ಹತ್ತಿರದಲ್ಲಿತ್ತು. ಲ್ಯಾಬಿನ ವರದಿ ಬರಲು ಎಷ್ಟು ವಾರವೋ. ಅಷ್ಟರಲ್ಲಿ ಕಾಯಂ ಆಗಿಬಿಟ್ಟಿರುತ್ತಾನೆ. ಆದರೆ ಹಣ ಕೊಟ್ಟು ಕೊಳ್ಳುವವರು ಅತ್ತೆಯ ರೊಟ್ಟಿಗೆ ಕೈಮುಗಿದುಕೊಂಡು ಕೂತರೆ?

"ಬಿಚ್ಚಬೇಡಿ," ಎಂದ. "ತೇಪೆ ಅವಳದೇ. ದಾರವೂ ಅವಳದೇ. ನನ್ನ ಅತ್ತೆ ಹಚ್ಚಿದ್ದೆಂದು ತಿಳಿದು ರಾತ್ರಿ ನಾನೇ ಕಿತ್ತುಬಿಟ್ಟೆ. ಬೆಳಿಗ್ಗೆ ಅತ್ತೆ ಮತ್ತೆ ಹೊಲಿದರು. ಒಳಗಿರುವುದು ಅವರು ಮಾಡಿದ ರೊಟ್ಟಿ."

ಹೆಲೆನ್ ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ಮತ್ತೆ ತೆಗೆದು, ಕ್ಯಾಟಲಾಗಿನ ಕರಡಿನಲ್ಲಿ ಬ್ರೆಡ್ಡಿನ ಸಾಲಿಗೆ ಉದ್ದಕ್ಕೆ ಗೆರೆ ಎಳೆದು, "ತೇಪೆ ಈಚೆಗೆ ಮರುಹೊಲಿಗೆಯಾಗಿದೆ" ಎಂದು ಬರೆದಳು.

"ನಿನ್ನನ್ನು ಈಗಲೇ ಕೆಲಸದಿಂದ ಕಳಿಸಬೇಕು," ಎಂದಳು. "ನೀನಾಗಿ ಹೇಳಿದೆ, ಅದಕ್ಕೆ ಕಳಿಸುವುದಿಲ್ಲ. ಇನ್ನೂ ಮೂರು ತಿಂಗಳು ನೋಡೋಣ." ಲಕೋಟೆ ಡ್ರಾಯರಿನೊಳಗೆ ಹೋಯಿತು.

ಪ್ರೊಫೆಸರು ಮಾತ್ರ ಭೂತಗನ್ನಡಿಯಿಂದ ಕಣ್ಣು ತೆಗೆದಿರಲಿಲ್ಲ. "ಈ ಹೊಲಿಗೆ ಇಂದು ಹಾಕಿದ್ದೇ? ನನಗೇ ಗೊತ್ತಾಗಲಿಲ್ಲವಲ್ಲ! ಬುಧವಾರ ನಿನ್ನ ಅತ್ತೆಯವರು ಇಲ್ಲಿಗೆ ಚಹಾಕ್ಕೆ ಬರುತ್ತಾರೆಯೇ ಕೇಳು. ನಾನು ಕಲಿಯಬೇಕು."

ಸಂಜೆ ಮನೆಯಲ್ಲಿ ಮಾಧುರಿ ಶಿಫ್ಟಿಗೆ ಹೋಗಿಯಾಗಿತ್ತು. ಮೂರು ತಿಂಗಳು ಎಂದದ್ದಕ್ಕೆ ಅವಳು ಫೋನಿನಲ್ಲಿ, "ಕೆಲಸ ಉಳೀತಲ್ಲ, ಬಿಡ್ರಿ," ಎಂದು ನಕ್ಕಿದ್ದಳು. ಆ ನಗು ಅವನನ್ನು ಅಷ್ಟು ದೂರ ಮನೆಯವರೆಗೆ ತಂದಿತ್ತು. ದಾನವ್ವ ಬಿಸಿ ರೊಟ್ಟಿ ಮೇಜಿನ ಮೇಲಿಟ್ಟು ಕೆಟಲಿನ ಕಡೆ ತಿರುಗಿದರು.

"ಆ ಅಡಗಿಯಾಕೀ ಚೂರು ತನ್ನ ಜಾಗಾಕ್ಕ ಮುಟ್ಟಿತೋ ಇಲ್ಲೋ."

ಬಸವೇಶನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಯಾ… ಯಾವ ಚೂರು?" ಎಂದು ಫ್ರಿಜ್ಜನ್ನು ಕೇಳಿದ.

"ಅದ ಕರೇದು. ಮುಂಜಾನೆ ಸೋಫಾದ ಬುಡಕ ಬಿದ್ದಿತ್ತು. ಆ ಮಿಶಿನ್ ನುಂಗತೈತಿ ಅಂತ ಆರಿಸಿ ನನ್ನ ಎಲಿ ಅಡಕಿ ಸಂಚ್ಯಾಗ ಇಟ್ಟಿದ್ದೆ. ಅದನ್ನ ತಿರುಗಿ ಇಟ್ಟು ಹೊಲದೆ. ಆಕೀ ಇಟ್ಟದ್ದು ಆಕೀಗೆ ಸೇರಬೇಕಲ್ಲ?"

"ಮತ್ತ… ರೊಟ್ಟಿ ಮುರದದ್ದು?"

"ಒಂಬತ್ತಾಗಿತ್ತು. ನನಗ ಹಸಿವಾಗಿತ್ತು."

ಬಸವೇಶ ಫೋನು ಕೈಗೆತ್ತಿಕೊಂಡ. ಹೆಲೆನ್‌ಳ ಹೆಸರಿನ ಮೇಲೆ ಹೆಬ್ಬೆರಳು ನಿಂತಿತು. ಏನೆಂದು ಹೇಳುವುದು? ಬೆಳಿಗ್ಗೆ ಹೇಳಿದ್ದು ತಪ್ಪು, ಒಳಗಿರುವುದು ನಿಜವಾದ ಬ್ರೆಡ್ಡೇ, ಎಲೆ ಅಡಿಕೆಯ ಸಂಚಿಯಲ್ಲಿ ಸುರಕ್ಷಿತವಾಗಿತ್ತು ಎಂದೇ? ಒಂದೇ ದಿನದಲ್ಲಿ ಎರಡು ಸತ್ಯ ಹೇಳಿದವನನ್ನು ಯಾರು ನಂಬುತ್ತಾರೆ? ಇದ್ದ ಮೂರು ತಿಂಗಳೂ ಹೋಗುತ್ತವೆ.

ಆ ಚೂರು ತನ್ನ ಜಾಗದಲ್ಲಿ ಹೊಟ್ಟೆತುಂಬ ಮಲಗಿದೆ. ಎಂದೋ ಯಾರೋ ಬಿಚ್ಚಿಯಾರು, ಕಂಡು ಬೆರಗಾದಾರು. ಅಲ್ಲಿಯವರೆಗೆ ಹೆಲೆನ್‌ಗಾಗಲಿ, ಪ್ರೊಫೆಸರಿಗಾಗಲಿ, ಚಿರಂತನ್‌ಗಂತೂ ಸತ್ತರೂ, ಕಡೆಗೆ ಮಾಧುರಿಗೂ ಇದನ್ನು ಹೇಳುವುದಿಲ್ಲ ಎಂದು ಅವನು ತೀರ್ಮಾನಿಸಿದ. ಫೋನನ್ನು ಬೋರಲು ಹಾಕಿ, ಫ್ರಿಜ್ಜಿಗೆ ಬೆನ್ನು ತಿರುಗಿಸಿ, ಮೊಟ್ಟಮೊದಲ ಬಾರಿಗೆ ದಾನವ್ವನ ಮುಖ ನೋಡಿದ.

"ಅತ್ತಿ, ಇನ್ನೊಂದು ರೊಟ್ಟಿ ನೀಡ್ರಿ," ಎಂದ. "ಮತ್ತ ಈ ಮಾತು ನಮ್ಮಿಬ್ಬರೊಳಗ ಇರಲಿ."